ಇಲ್ಲಿ ಪ್ರಭುತ್ವಂ, ಅಲ್ಲಿ ಸರ್ಕಾರ

ತೆಲುಗು ಲಿಪಿ ಓದಲು ಕನ್ನಡದವರಿಗೆ ಒಂದು ವಾರ ಸಾಕು. ಓದಿದ್ದು ಸರಿಯಾಗಿ ಅರ್ಥವಾಗಲು ಮಾತ್ರ ಒಂದೆರಡು ವರ್ಷ ಬೇಕು. ಹಾಸನದ ಕಡೆಯ ಹುಡುಗನೊಬ್ಬ ಋಷಿಕೊಂಡದ ಐಟಿ ಗುಡ್ಡದ ಮೇಲಿರುವ ನಮ್ಮ ಆಫೀಸಿಗೆ ಹೊಸದಾಗಿ ಸೇರಿದ್ದ. ಮಧುರವಾಡದಲ್ಲಿ ರೂಮು ಮಾಡಿಕೊಂಡು ಒಂದು ತಿಂಗಳಾಗಿತ್ತು. ಒಂದು ದಿನ ಊಟದ ಹೊತ್ತಿಗೆ, "ಅಣ್ಣಾ, ಈ ಊರಲ್ಲಿ ಎಲ್ಲಾ ಕೇಂದ್ರ ಸರ್ಕಾರದ್ದೇನಾ? ಪೇಪರಲ್ಲೂ ಬೋರ್ಡಲ್ಲೂ ರಾಷ್ಟ್ರ ಪ್ರಭುತ್ವಂ ಅಂತಾನೇ ಇದೆಯಲ್ಲ" ಅಂದ. ನಮ್ಮ ಟೇಬಲ್ಲಿನ ತೆಲುಗಿನವರು ನಕ್ಕರು. ತೆಲುಗಿನಲ್ಲಿ ರಾಷ್ಟ್ರಂ ಎಂದರೆ ನಮ್ಮ ರಾಜ್ಯ. ಪ್ರಭುತ್ವಂ ಎಂದರೆ ನಮ್ಮ ಸರ್ಕಾರ. ಅವನು ದೇಶದ ಪರಮಾಧಿಕಾರ ಎಂದುಕೊಂಡಿದ್ದು ಬರೀ ರಾಜ್ಯ ಸರ್ಕಾರ.

ಅವನಿಗೆ ಇನ್ನೊಂದು ಗೊಂದಲವೂ ಇತ್ತು. ನಮ್ಮಲ್ಲಿ ಸಚಿವಾಲಯ ಎಂದರೆ ವಿಧಾನಸೌಧ, ಪಾಸು ಮಾಡಿಸಿಕೊಂಡು ಒಳಗೆ ಹೋಗಬೇಕಾದ ಜಾಗ. ಇಲ್ಲಿ ಕಿರಾಣಿ ಅಂಗಡಿಯ ಪಕ್ಕದ ಎರಡು ಕೋಣೆಯ ಕಟ್ಟಡಕ್ಕೂ ಸಚಿವಾಲಯಂ ಎಂದೇ ಬೋರ್ಡು. 2019ರ ಅಕ್ಟೋಬರ್ 2ರಂದು ಆಂಧ್ರದಲ್ಲಿ ಶುರುವಾದ ಗ್ರಾಮ ಮತ್ತು ವಾರ್ಡು ಸಚಿವಾಲಯಗಳು ಇವು. ರಾಜ್ಯದಾದ್ಯಂತ ಸುಮಾರು 15,000 ಇವೆ. ಜಾತಿ ಪ್ರಮಾಣಪತ್ರ, ಪಡಿತರ ಚೀಟಿ, ಪಿಂಚಣಿ ಎಲ್ಲದರ ಅರ್ಜಿಯೂ ಅಲ್ಲೇ. ಚಪ್ಪಲಿ ಹಾಕಿಕೊಂಡು ನಡೆದು ಹೋಗಬಹುದಾದ ದೂರದಲ್ಲಿ ಒಂದು ಸಚಿವಾಲಯ.

ನಾನು ಸಿರುಗುಪ್ಪದ ಕಡೆಯವನು. ತೆಲುಗು ನನಗೆ ಹೊರಗಿನ ಭಾಷೆಯಲ್ಲ. ಆದರೂ ಆ ಹುಡುಗನ ಪ್ರಶ್ನೆ ನನ್ನನ್ನು ಬಿಡಲಿಲ್ಲ. ಕನ್ನಡದಲ್ಲಿ ನಾವು ಸರ್ಕಾರ ಮತ್ತು ಪ್ರಭುತ್ವ ಎಂಬ ಎರಡು ಪದಗಳನ್ನು ಬೇರೆ ಬೇರೆ ಇಟ್ಟುಕೊಂಡಿದ್ದೇವೆ. ಚುನಾವಣೆಯಲ್ಲಿ ಬರುವುದು, ಬಹುಮತ ಕಳೆದುಕೊಂಡು ಬೀಳುವುದು ಸರ್ಕಾರ. ಪ್ರಭುತ್ವ ಹಾಗೆ ಬೀಳುವುದಿಲ್ಲ. ಕಂದಾಯದ ದಾಖಲೆ, ಕೋರ್ಟು, ಖಜಾನೆ, ಹಿಂದಿನವರು ಮಾಡಿದ ಸಾಲ, ಹಿಂದಿನವರು ಹಾಕಿದ ಸಹಿ, ಇವೆಲ್ಲ ಸೇರಿ ಪ್ರಭುತ್ವ. ತೆಲುಗಿನವರಿಗೆ ಈ ವ್ಯತ್ಯಾಸ ಗೊತ್ತಿಲ್ಲ ಎಂದು ಹೇಳುತ್ತಿಲ್ಲ. ಅವರಿಗೂ ಅದಕ್ಕೆ ರಾಜ್ಯಂ ಎಂಬ ಪದ ಇದೆ. ಆದರೆ ದಿನನಿತ್ಯದ ಮಾತಿನಲ್ಲಿ ಎರಡಕ್ಕೂ ಪ್ರಭುತ್ವಂ. ಕಳೆದ ಹತ್ತು ವರ್ಷಗಳಲ್ಲಿ ಇಲ್ಲಿ ನಡೆದದ್ದನ್ನು ನೋಡಿದರೆ, ಈ ಎರಡನ್ನೂ ಒಂದೇ ಎಂದುಕೊಂಡರೆ ಏನಾಗುತ್ತದೆ ಎಂಬುದಕ್ಕೆ ಬೇರೆ ಪಾಠ ಬೇಡ.

ಸರ್ಕಾರ ಎಂಬ ಪದವಾದರೂ ನಮ್ಮದೇನಲ್ಲ, ಪಾರಸಿಯಿಂದ ಬಂದದ್ದು. ತಮಾಷೆಯೆಂದರೆ ನಾನು ಈಗಿರುವ ಸೀಮೆಗೆ ಒಂದು ಕಾಲದಲ್ಲಿ ಅದೇ ಹೆಸರು. ಕಂದಾಯ ವಸೂಲಿಯ ಒಂದೊಂದು ಪ್ರಾಂತ್ಯಕ್ಕೂ ಸರ್ಕಾರ್ ಎನ್ನುತ್ತಿದ್ದರು. ವಿಶಾಖಪಟ್ಟಣದ ಸುತ್ತಿನ ಈ ಪ್ರದೇಶ ಶ್ರೀಕಾಕುಳಂ ಸರ್ಕಾರ್. ಕರಾವಳಿಯ ಅಂಥ ಐದನ್ನು ಸೇರಿಸಿ ಉತ್ತರ ಸರ್ಕಾರ್‌ಗಳು ಎಂದರು. 1765ರಲ್ಲಿ ಮೊಘಲ್ ಬಾದಶಹನ ಒಂದು ಫರ್ಮಾನು ಇವನ್ನು ಈಸ್ಟ್ ಇಂಡಿಯಾ ಕಂಪನಿಗೆ ಬರೆದುಕೊಟ್ಟಿತು. ಇಲ್ಲಿನ ರೈತನನ್ನು ಯಾರೂ ಕೇಳಲಿಲ್ಲ. ವಸೂಲಿ ಮಾಡುವ ಕೈ ಬದಲಾಯಿತು, ಅಷ್ಟೆ. ಆಳುವುದು ಎಂದರೆ ವಸೂಲಿ ಎಂದಿದ್ದ ಕಾಲದಿಂದ ನಾವು ಎಷ್ಟು ದೂರ ಬಂದಿದ್ದೇವೆ ಎಂದು ಅಳೆಯಲು ನನಗೆ ಒಂದೇ ಅಳತೆ ಕಾಣುತ್ತದೆ: ಆಳುವವರು ಬದಲಾದಾಗ ಆಳಿಸಿಕೊಳ್ಳುವವನ ಕೈಲಿರುವ ಕಾಗದಕ್ಕೆ ಬೆಲೆ ಉಳಿಯುತ್ತದೆಯೇ?

ನನ್ನ ಪಕ್ಕದಲ್ಲಿ ಕೂರುವ ಸಹೋದ್ಯೋಗಿಯ ಊರು ಗುಂಟೂರು ಜಿಲ್ಲೆಯ ತುಳ್ಳೂರಿನ ಹತ್ತಿರ. ಅವರ ಮನೆಯವರಿಗೆ ಎರಡು ಎಕರೆ ಖುಷ್ಕಿ ಜಮೀನಿತ್ತು. 2014ರ ಜೂನ್ 2ರಂದು ತೆಲಂಗಾಣ ಬೇರೆಯಾದಾಗ ಹೈದರಾಬಾದು ಹತ್ತು ವರ್ಷದ ಮಟ್ಟಿಗೆ ಮಾತ್ರ ಎರಡೂ ರಾಜ್ಯಗಳ ರಾಜಧಾನಿ ಎಂದಾಯಿತು. ಆಂಧ್ರ ತನ್ನದೇ ಊರು ಕಟ್ಟಿಕೊಳ್ಳಬೇಕಾಯಿತು. ಕೃಷ್ಣಾ ನದಿಯ ದಂಡೆಯ ಮೇಲೆ ಅಮರಾವತಿ ಎಂದು ತೀರ್ಮಾನವಾಯಿತು. ದುಡ್ಡಿರಲಿಲ್ಲ, ಹಾಗಾಗಿ ಭೂಸ್ವಾಧೀನದ ಬದಲು ಭೂಮಿ ಒಟ್ಟುಗೂಡಿಸುವ ದಾರಿ ಹಿಡಿದರು. ರೈತ ಜಮೀನು ಕೊಡಬೇಕು. ಬದಲಿಗೆ ಸರ್ಕಾರ ರಸ್ತೆ, ಚರಂಡಿ, ನೀರು ಎಲ್ಲ ಮಾಡಿ ಒಂದು ಎಕರೆಗೆ 1000 ಚದರ ಗಜದ ನಿವೇಶನ, ಜೊತೆಗೆ ಒಂದಿಷ್ಟು ವಾಣಿಜ್ಯ ನಿವೇಶನ ವಾಪಸು ಕೊಡುತ್ತದೆ. ಅಲ್ಲಿಯವರೆಗೆ ಬದುಕಲು ಖುಷ್ಕಿ ಎಕರೆಗೆ ವರ್ಷಕ್ಕೆ 30,000 ರೂಪಾಯಿ, ನದಿ ಬದಿಯ ಫಲವತ್ತಾದ ಭೂಮಿಗೆ 50,000. ಪ್ರತಿ ವರ್ಷ ಶೇಕಡಾ 10 ಏರಿಕೆ, ಹತ್ತು ವರ್ಷ. ಭೂಮಿಯಿಲ್ಲದ ಕೂಲಿಯವರಿಗೆ ತಿಂಗಳಿಗೆ 2500.

29 ಹಳ್ಳಿಗಳಿಂದ 33,000 ಎಕರೆಗೂ ಹೆಚ್ಚು ಭೂಮಿ ಬಂತು. ಎಲ್ಲರೂ ಖುಷಿಯಿಂದ ಕೊಡಲಿಲ್ಲ. ಕೊಡದಿದ್ದರೆ ಹೇಗೂ ಕಿತ್ತುಕೊಳ್ಳುತ್ತಾರೆ ಎಂಬ ಹೆದರಿಕೆಯಿಂದ ಕೊಟ್ಟವರೂ ಇದ್ದರು. ಆದರೂ ಇಷ್ಟೊಂದು ಜನ ಒಂದು ಸಹಿಯನ್ನು ನಂಬಿ ಮೂರು ಬೆಳೆ ಬೆಳೆಯುವ ನೆಲ ಬಿಟ್ಟದ್ದು ಸಣ್ಣ ಮಾತಲ್ಲ. 2015ರ ಅಕ್ಟೋಬರ್ 22, ವಿಜಯದಶಮಿಯ ದಿನ ಉದ್ದಂಡರಾಯುನಿಪಾಲೆಂನಲ್ಲಿ ಪ್ರಧಾನಿ ಮೋದಿ ಶಂಕುಸ್ಥಾಪನೆ ಮಾಡಿದರು. ಪಾರ್ಲಿಮೆಂಟಿನ ಅಂಗಳದ ಮಣ್ಣು, ಯಮುನೆಯ ನೀರು ತಂದಿದ್ದರು. "ಆ ದಿನ ನಮ್ಮಮ್ಮ ಹೊಸ ಸೀರೆ ಉಟ್ಟಿದ್ದಳು" ಎನ್ನುತ್ತಾನೆ ಗೆಳೆಯ.

2019ರಲ್ಲಿ ಜಗನ್‌ಮೋಹನ ರೆಡ್ಡಿಯವರ ಪಕ್ಷ 175ರಲ್ಲಿ 151 ಸ್ಥಾನ ಗೆದ್ದಿತು. ಅಧಿಕಾರಕ್ಕೆ ಬಂದು ಒಂದು ತಿಂಗಳೊಳಗೆ, ಚಂದ್ರಬಾಬು ನಾಯ್ಡು ಕಟ್ಟಿಸಿದ್ದ ಪ್ರಜಾವೇದಿಕ ಎಂಬ ಸಭಾಂಗಣವನ್ನು ನದಿಪಾತ್ರದ ನಿಯಮ ಮೀರಿದೆಯೆಂದು ಒಡೆದು ಹಾಕಿದರು. ಡಿಸೆಂಬರ್ 17ರಂದು ವಿಧಾನಸಭೆಯಲ್ಲಿ ಮುಖ್ಯಮಂತ್ರಿಗಳು ಮೂರು ರಾಜಧಾನಿಗಳ ಮಾತೆತ್ತಿದರು. ಆಡಳಿತಕ್ಕೆ ವಿಶಾಖಪಟ್ಟಣ, ಶಾಸನಸಭೆಗೆ ಅಮರಾವತಿ, ಹೈಕೋರ್ಟಿಗೆ ಕರ್ನೂಲು. 2020ರಲ್ಲಿ ಕಾಯ್ದೆಯೂ ಆಯಿತು. ಅಮರಾವತಿಯ ಹಳ್ಳಿಗಳಲ್ಲಿ ಜನ, ಅದರಲ್ಲೂ ಹೆಂಗಸರು, ಶಾಮಿಯಾನದಡಿ ಧರಣಿ ಕೂತರು. ನಾಲ್ಕೂವರೆ ವರ್ಷ ಏಳಲಿಲ್ಲ. 2021ರ ನವೆಂಬರಿನಲ್ಲಿ ಅವರು ತಿರುಪತಿಗೆ ಪಾದಯಾತ್ರೆ ಹೊರಟಿದ್ದಾಗಲೇ ಸರ್ಕಾರ ಕಾಯ್ದೆಯನ್ನು ಹಿಂತೆಗೆದುಕೊಂಡಿತು, ಇನ್ನೂ ಚೆನ್ನಾಗಿ ಮಾಡಿಕೊಂಡು ತರುತ್ತೇವೆ ಎಂದು ಹೇಳಿ. 2022ರ ಮಾರ್ಚ್ 3ರಂದು ಹೈಕೋರ್ಟು, ರಾಜಧಾನಿ ಬದಲಿಸುವ ಅಧಿಕಾರ ಶಾಸಕಾಂಗಕ್ಕಿಲ್ಲ, ರೈತರಿಗೆ ಕೊಟ್ಟ ಮಾತು ನಡೆಸಿ ಎಂದಿತು. ವ್ಯಾಜ್ಯ ಸುಪ್ರೀಂ ಕೋರ್ಟಿಗೆ ಹೋಯಿತು. ಅಷ್ಟರಲ್ಲಿ ಅರ್ಧ ಎದ್ದ ಕಟ್ಟಡಗಳ ಕಬ್ಬಿಣದ ಸರಳು ತುಕ್ಕು ಹಿಡಿದು, ಸುತ್ತ ಜಾಲಿ ಬೆಳೆದಿತ್ತು.

ಅದೇ ಹೊತ್ತಿಗೆ ನಾವಿದ್ದ ಮಧುರವಾಡದಲ್ಲಿ ಬೇರೆಯೇ ಹವಾ. ಆಡಳಿತದ ರಾಜಧಾನಿ ನಮ್ಮ ಮನೆ ಬಾಗಿಲಿಗೇ ಬರುತ್ತದೆ ಎಂದು ದಲ್ಲಾಳಿಗಳು ದಿನಕ್ಕೊಂದು ಲೇಔಟಿನ ಚೀಟಿ ಹಂಚುತ್ತಿದ್ದರು. ಋಷಿಕೊಂಡದ ನೆತ್ತಿಯ ಮೇಲಿದ್ದ ಪ್ರವಾಸೋದ್ಯಮ ಇಲಾಖೆಯ ಹರಿತಾ ರೆಸಾರ್ಟು ಒಡೆದು, ಗುಡ್ಡ ಕೆತ್ತಿ, ನೂರಾರು ಕೋಟಿ ಖರ್ಚಿನಲ್ಲಿ ಹೊಸ ಕಟ್ಟಡಗಳೆದ್ದವು. ಕಾಗದದಲ್ಲಿ ಅದು ಪ್ರವಾಸೋದ್ಯಮದ ಯೋಜನೆ. ಮುಖ್ಯಮಂತ್ರಿಗಳ ನಿವಾಸ ಎಂಬುದು ಊರಿನ ಮಾತು.

ಇಷ್ಟೇ ಹೇಳಿ ನಿಲ್ಲಿಸಿದರೆ ಕತೆ ಸುಲಭವಾಗಿಬಿಡುತ್ತದೆ. ಒಳ್ಳೆಯವರು, ಕೆಟ್ಟವರು ಎಂದು ಎರಡು ಸಾಲು. ಆದರೆ ನನ್ನನ್ನು ಎಷ್ಟೋ ಸಲ ಕೊಮ್ಮಾದಿಯಿಂದ ಸ್ಟೇಷನ್ನಿಗೆ ಬಿಟ್ಟ ಆಟೋದವರು ಶ್ರೀಕಾಕುಳಂ ಜಿಲ್ಲೆಯವರು. ಅವರ ಮಾತು ಕೇಳಿ: "ಮೊದಲು ಮದ್ರಾಸು ಅಂದರು, ಆಮೇಲೆ ಕರ್ನೂಲು, ಆಮೇಲೆ ಹೈದರಾಬಾದು. ಈಗ ಅಮರಾವತಿ. ನಮ್ಮ ಕಡೆಯವರು ಎಲ್ಲಾ ಕಡೆ ಹೋಗಿ ಮಣ್ಣು ಹೊತ್ತರು ಸಾರ್. ನಮ್ಮ ಕಡೆಗೆ ಯಾರು ಬಂದರು?" ಸುಳ್ಳಲ್ಲ. ಶ್ರೀಕಾಕುಳಂ ಜಿಲ್ಲೆಯ ಉದ್ದಾನಂ ಸೀಮೆಯಲ್ಲಿ ದಶಕಗಳಿಂದ ಮೂತ್ರಪಿಂಡದ ಕಾಯಿಲೆ ಮನೆಮನೆಯನ್ನು ತಿನ್ನುತ್ತಿದೆ. ಉತ್ತರಾಂಧ್ರದ ಕೂಲಿಯವರಿಲ್ಲದೆ ಹೈದರಾಬಾದಿನ ಎತ್ತರದ ಕಟ್ಟಡಗಳು ಏಳುತ್ತಿರಲಿಲ್ಲ. ಎಲ್ಲವನ್ನೂ ಹೈದರಾಬಾದಿನಲ್ಲೇ ಗುಡ್ಡೆ ಹಾಕಿ, ಒಂದು ದಿನ ಆ ಊರೇ ಕೈತಪ್ಪಿಹೋದಾಗ ಉಳಿದವರು ಬರಿಗೈಯಾದರು. 2014ರಲ್ಲಿ ಕೇಂದ್ರ ನೇಮಿಸಿದ್ದ ಶಿವರಾಮಕೃಷ್ಣನ್ ಸಮಿತಿ ಕೂಡ ಒಂದೇ ದೊಡ್ಡ ರಾಜಧಾನಿ ಬೇಡ, ವಿಜಯವಾಡ–ಗುಂಟೂರು ನಡುವಿನ ಒಳ್ಳೆಯ ಕೃಷಿಭೂಮಿಯನ್ನು ಮುಟ್ಟಬೇಡಿ, ಕಚೇರಿಗಳನ್ನು ರಾಜ್ಯದ ತುಂಬ ಹಂಚಿ ಎಂದೇ ಹೇಳಿತ್ತು.

ಉತ್ತರ ಕರ್ನಾಟಕದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಒಂದು ಕಡತ ಹಿಂಬಾಲಿಸಿ ಬೆಂಗಳೂರಿಗೆ ರಾತ್ರಿ ಬಸ್ಸು ಹಿಡಿದವರೇ ನಾವೆಲ್ಲ. ಬೆಳಗಾವಿಯಲ್ಲಿ 2012ರಲ್ಲಿ ಸುವರ್ಣ ವಿಧಾನಸೌಧ ಉದ್ಘಾಟನೆಯಾಯಿತು. ಚಳಿಗಾಲದ ಅಧಿವೇಶನಕ್ಕೆಂದು ವರ್ಷಕ್ಕೆ ಒಂದೆರಡು ವಾರ ಅಲ್ಲಿ ದೀಪ ಉರಿಯುತ್ತದೆ. ಅದಕ್ಕಿಂತ ಹೆಚ್ಚು ಉಪಕಾರವಾದದ್ದು 2008ರಲ್ಲಿ ಧಾರವಾಡ, ಕಲಬುರಗಿಗಳಿಗೆ ಬಂದ ಹೈಕೋರ್ಟು ಪೀಠಗಳಿಂದ. ಬೆಂಗಳೂರಿನ ಹೈಕೋರ್ಟನ್ನು ಯಾರೂ ಒಡೆಯಲಿಲ್ಲ. ಇದ್ದದ್ದನ್ನು ಇಟ್ಟುಕೊಂಡೇ ದೂರದವರಿಗೆ ಹತ್ತಿರ ಮಾಡಿದರು. ಹಂಚುವುದು ತಪ್ಪಲ್ಲ. ಒಬ್ಬನಿಗೆ ಬರೆದುಕೊಟ್ಟದ್ದನ್ನು ಕಿತ್ತು ಇನ್ನೊಬ್ಬನಿಗೆ ಹಂಚುವುದು ಮಾತ್ರ ಹಂಚಿಕೆಯಲ್ಲ.

ಈ ಮಾತು ನನಗೆ ಪುಸ್ತಕದಿಂದ ಬಂದದ್ದಲ್ಲ, ಅಜ್ಜಿಯ ತವರಿನಿಂದ ಬಂದದ್ದು. ಅವಳ ಊರು ಆಲೂರು ತಾಲೂಕಿನಲ್ಲಿ. ಅವಳು ಹುಟ್ಟಿದಾಗ ಆಲೂರೂ ಸಿರುಗುಪ್ಪವೂ ಮದ್ರಾಸ್ ಪ್ರಾಂತ್ಯದ ಒಂದೇ ಬಳ್ಳಾರಿ ಜಿಲ್ಲೆ. ಪೊಟ್ಟಿ ಶ್ರೀರಾಮುಲು ಉಪವಾಸ ಮಾಡಿ 1952ರ ಡಿಸೆಂಬರಿನಲ್ಲಿ ತೀರಿಕೊಂಡ ಮೇಲೆ, 1953ರ ಅಕ್ಟೋಬರ್ 1ರಂದು ಆಂಧ್ರ ರಾಜ್ಯವಾಯಿತು. ಆದೋನಿ, ಆಲೂರು, ರಾಯದುರ್ಗ ತಾಲೂಕುಗಳು ಆಂಧ್ರಕ್ಕೆ ಹೋದವು. ಬಳ್ಳಾರಿ, ಸಿರುಗುಪ್ಪ, ಹೊಸಪೇಟೆ ಮುಂತಾದವು ಮೈಸೂರಿಗೆ ಬಂದವು. ಒಂದೇ ದಿನದಲ್ಲಿ ಅಜ್ಜಿಯ ತವರು ಒಂದು ರಾಜ್ಯ, ಗಂಡನ ಮನೆ ಇನ್ನೊಂದು ರಾಜ್ಯ. ಆಲೂರಿನ ಕಡೆ ಮನೆಮಾತು ಕನ್ನಡವಾಗಿದ್ದವರು ತೆಲುಗು ರಾಜ್ಯದವರಾದರು, ಬಳ್ಳಾರಿಯ ತೆಲುಗಿನವರು ಕನ್ನಡ ರಾಜ್ಯದವರಾದರು. ಸಿಟ್ಟು, ಮೆರವಣಿಗೆ, ಕಣ್ಣೀರು ಎಲ್ಲ ಇತ್ತು.

ಆದರೆ ಅಜ್ಜಿ ಹೇಳುತ್ತಿದ್ದ ಒಂದು ವಿಷಯ ಆಗ ನನಗೆ ದೊಡ್ಡದೆನಿಸಿರಲಿಲ್ಲ. ಅವಳ ಅಪ್ಪನ ಹತ್ತಿರ ಮದ್ರಾಸ್ ಸರ್ಕಾರದ ಪಟ್ಟಾ ಇತ್ತು. ಒಂಬತ್ತು ಎಕರೆ ಎರೆ ಭೂಮಿ. ಆಳುವ ಊರು ಮದ್ರಾಸಿನಿಂದ ಕರ್ನೂಲಿಗೆ ಬಂತು. ಮೂರೇ ವರ್ಷಕ್ಕೆ, 1956ರಲ್ಲಿ, ಹೈದರಾಬಾದಿಗೆ ಹೋಯಿತು. ಜಿಲ್ಲೆ ಬದಲಾಯಿತು, ಕಲೆಕ್ಟರು ಬದಲಾದರು, ಕಚೇರಿಯ ಭಾಷೆ ಬದಲಾಯಿತು. ಪಟ್ಟಾ ಬದಲಾಗಲಿಲ್ಲ. ಹೊಸ ಕಾನೂನು ಬರುವವರೆಗೆ ಹಳೆಯ ಮದ್ರಾಸ್ ಕಾನೂನೇ ನಡೆಯಿತು. ಯಾವ ಅಧಿಕಾರಿಯೂ, ಇದು ಹಿಂದಿನವರು ಕೊಟ್ಟದ್ದು, ನಮಗೆ ಸಂಬಂಧವಿಲ್ಲ ಎನ್ನಲಿಲ್ಲ. ಅಂದರೆ 1953ರಲ್ಲಿ ರಾಜ್ಯವೇ ಬದಲಾದರೂ ಒಬ್ಬ ರೈತನ ಕಾಗದ ನಿಂತಿತು. 2019ರಲ್ಲಿ ಬದಲಾದದ್ದು ಬರೀ ಸರ್ಕಾರ. ಕಾಗದ ಅಲ್ಲಾಡಿಹೋಯಿತು.

ನನ್ನ ಗೆಳೆಯನ ಮನೆಗೆ ವರ್ಷದ ದುಡ್ಡು ಕೆಲವೊಮ್ಮೆ ತಡವಾಗಿ ಬಂತು, ಬಂತು ಮಾತ್ರ. ನಿವೇಶನದ ನಂಬರು ಲಾಟರಿಯಲ್ಲಿ ಬಂದಿತ್ತು, ನಿವೇಶನಕ್ಕೆ ಹೋಗಲು ರಸ್ತೆ ಇರಲಿಲ್ಲ. ಅದನ್ನು ಅಡವಿಡಲು ಹೋದರೆ ಬ್ಯಾಂಕಿನವರು ಕಣ್ಣೆತ್ತಿ ನೋಡಲಿಲ್ಲ. ಅವನ ತಂಗಿಯ ಮದುವೆ ಎರಡು ವರ್ಷ ಮುಂದಕ್ಕೆ ಹೋಯಿತು. ರಾಜಕಾರಣ ನಮಗೆ ಬೇಡ ಎಂದು ಆಫೀಸಿನಲ್ಲಿ ಹೇಳುವವರಿಗೆಲ್ಲ ನಾನು ಇದನ್ನು ಹೇಳುತ್ತೇನೆ. ನಮಗದು ಬೇಡವಾಗಿರಬಹುದು, ಅದಕ್ಕೆ ನಾವು ಬೇಕಾಗಿರುತ್ತೇವೆ.

ಹಾಗಾದರೆ ಹೊಸ ಸರ್ಕಾರ ಏನನ್ನೂ ಬದಲಿಸಬಾರದೇ? ಬದಲಿಸದಿದ್ದರೆ ಓಟು ಯಾಕೆ? ನನಗನ್ನಿಸುವುದು ಇಷ್ಟು. ದಾರಿ ಬದಲಿಸುವ ಹಕ್ಕು ಗೆದ್ದವರಿಗಿದೆ, ಅದಕ್ಕಾಗಿಯೇ ರಾಜಕಾರಣ. ಆದರೆ ಹಿಂದಿನವರ ಸಹಿ ನಂಬಿ ಬದುಕಿನ ದಿಕ್ಕು ಬದಲಿಸಿಕೊಂಡವರಿದ್ದರೆ, ಮೊದಲು ಅವರ ಲೆಕ್ಕ ಚುಕ್ತಾ ಮಾಡಬೇಕು. ಸಹಿ ಹಾಕಿದ್ದು ಒಂದು ಪಕ್ಷವಲ್ಲ, ಪ್ರಭುತ್ವ.

ಇದು ಸಾಧ್ಯವಾಗದ ಆದರ್ಶವೇನಲ್ಲ. ವಿಧಾನಸೌಧಕ್ಕೆ 1951ರಲ್ಲಿ ನೆಹರೂ ಅಡಿಗಲ್ಲು ಇಟ್ಟಾಗ ಮುಖ್ಯಮಂತ್ರಿ ಕೆ.ಸಿ. ರೆಡ್ಡಿ. ಮುಂದೆ ಬಂದ ಕೆಂಗಲ್ ಹನುಮಂತಯ್ಯ ನಕ್ಷೆಯನ್ನು ದೊಡ್ಡದು ಮಾಡಿದರು. ದುಂದು ಎಂದು ಗಲಾಟೆಯಾಯಿತು, ಖರ್ಚಿನ ಬಗ್ಗೆ ವಿಚಾರಣೆಯೂ ನಡೆಯಿತು. 1956ರಲ್ಲಿ ಕಟ್ಟಡ ಮುಗಿಯುವ ಹೊತ್ತಿಗೆ ಅವರು ಕುರ್ಚಿಯಲ್ಲಿರಲಿಲ್ಲ. ಬಂದವರು ಲೆಕ್ಕ ಕೇಳಿದರು, ಕಟ್ಟಡವನ್ನು ಖಾಲಿ ಬಿಡಲಿಲ್ಲ. ತಮಿಳುನಾಡಿನಲ್ಲಿ ಜಯಲಲಿತಾ 2013ರಲ್ಲಿ ಶುರು ಮಾಡಿದ ಅಮ್ಮ ಉಣವಗಂ 2021ರಲ್ಲಿ ಸ್ಟಾಲಿನ್ ಬಂದ ಮೇಲೂ ಅದೇ ಹೆಸರಿನಲ್ಲಿ ಇಡ್ಲಿ ಬಡಿಸಿತು. ಆಂಧ್ರದಲ್ಲಿ 2018ರಲ್ಲಿ ತೆರೆದ ಐದು ರೂಪಾಯಿಯ ಅಣ್ಣಾ ಕ್ಯಾಂಟೀನುಗಳು ಮರುವರ್ಷ ಸರ್ಕಾರ ಬದಲಾದೊಡನೆ ಮುಚ್ಚಿ, 2024ರ ಆಗಸ್ಟ್ 15ರಂದು ಮತ್ತೆ ತೆರೆದವು. ನಡುವಿನ ಐದು ವರ್ಷವೂ ಹಸಿವು ರಜೆಯಲ್ಲಿರಲಿಲ್ಲ.

ಇಲ್ಲಿಯೂ ಉಳಿದದ್ದಿದೆ. ಮೊದಲು ಹೇಳಿದ ಬೀದಿಯ ಸಚಿವಾಲಯಗಳ ಜೊತೆಗೆ ಜಗನ್ ಸರ್ಕಾರ ಎರಡೂವರೆ ಲಕ್ಷಕ್ಕೂ ಹೆಚ್ಚು ಸ್ವಯಂಸೇವಕರನ್ನು ತಿಂಗಳಿಗೆ 5000 ರೂಪಾಯಿ ಕೊಟ್ಟು ನೇಮಿಸಿತ್ತು. ತಿಂಗಳ ಒಂದನೇ ತಾರೀಕು ಬೆಳಗಾಗುವ ಮುಂಚೆ ಅವರು ಮುದುಕರ ಬಾಗಿಲು ತಟ್ಟಿ ಪಿಂಚಣಿ ಎಣಿಸಿಕೊಡುತ್ತಿದ್ದರು. ಅವರು ಪಕ್ಷದ ಕೆಲಸವನ್ನೂ ಮಾಡುತ್ತಾರೆಂಬ ದೂರಿತ್ತು. 2024ರ ಚುನಾವಣೆಗೆ ಮುಂಚೆ ಚುನಾವಣಾ ಆಯೋಗ ಅವರನ್ನು ಹಣ ಹಂಚದಂತೆ ತಡೆಯಿತು. ಏಪ್ರಿಲಿನ ಬಿಸಿಲಿನಲ್ಲಿ ವಯಸ್ಸಾದವರು ಸಚಿವಾಲಯಗಳ ಮುಂದೆ ಸಾಲು ನಿಂತರು. ನಮ್ಮ ಅಪಾರ್ಟ್‌ಮೆಂಟಿನ ಕಾವಲುಗಾರನ ತಾಯಿ ಕೊಡೆ ಹಿಡಿದು ಹೋಗಿ ಬಂದು, "ಐದು ವರ್ಷ ಅವರೇ ನನ್ನ ಹತ್ತಿರ ಬಂದರು, ಈ ತಿಂಗಳು ನಾನು ಹೋದೆ" ಎಂದಷ್ಟೇ ಹೇಳಿದರು. ಸರ್ಕಾರ ಬದಲಾಯಿತು. ಸ್ವಯಂಸೇವಕರು ಹೋದರು. ಆದರೆ ಜುಲೈ 1ರಂದು ಸಚಿವಾಲಯದ ನೌಕರರೇ ಮನೆಗೆ ಬಂದರು. 3000 ಇದ್ದ ಪಿಂಚಣಿ 4000 ಆಗಿ, ಹಿಂದಿನ ಮೂರು ತಿಂಗಳ ಬಾಕಿಯೂ ಸೇರಿ 7000 ಕೊಟ್ಟು ಹೋದರು. ಮನೆ ಬಾಗಿಲಿಗೆ ತರುವುದನ್ನು ಕಲಿಸಿದವರು ಒಂದು ಪಕ್ಷ, ಮುಂದುವರಿಸಿದವರು ಇನ್ನೊಂದು ಪಕ್ಷ. ಯಾರೂ ಯಾರ ಹೆಸರನ್ನೂ ಒಪ್ಪಿ ಹೇಳಲಿಲ್ಲ. ಆ ತಾಯಿಗೆ ಅದು ಬೇಕಾಗಿಯೂ ಇರಲಿಲ್ಲ.

2024ರ ಮೇ 13ರಂದು ಆಂಧ್ರ ಓಟು ಹಾಕಿತು. ಹೈದರಾಬಾದಿನಿಂದ ಬಂದ ಬಸ್ಸುಗಳಲ್ಲಿ ನಿಲ್ಲಲು ಜಾಗವಿರಲಿಲ್ಲ. ಶೇಕಡಾ 80ಕ್ಕೂ ಹೆಚ್ಚು ಮತದಾನ. 151 ಇದ್ದ ಪಕ್ಷ 11ಕ್ಕೆ ಬಂತು. ನನಗೆ ಅಚ್ಚರಿಯಾದದ್ದು ಬೇರೆ. ರಾಜಧಾನಿಯನ್ನು ತಮ್ಮ ಊರಿಗೆ ತರುತ್ತೇವೆ ಎಂದವರಿಗೆ ವಿಶಾಖಪಟ್ಟಣ ನಗರದ ಒಂದು ಕ್ಷೇತ್ರವೂ ಒಲಿಯಲಿಲ್ಲ. ಮಧುರವಾಡ ಸೇರಿರುವ ಭೀಮಿಲಿಯಲ್ಲಿ ಗೆದ್ದವರ ಅಂತರ 90,000 ದಾಟಿತು. ಇದಕ್ಕೆ ನೂರು ಕಾರಣಗಳಿರಬಹುದು. ಬೆಲೆಯೇರಿಕೆ, ಕೆಲಸವಿಲ್ಲದ್ದು, ಭೂದಾಖಲೆಗಳ ಹೊಸ ಕಾನೂನಿನ ಹೆದರಿಕೆ, ಜಾತಿ ಲೆಕ್ಕ, ಮೂರು ಪಕ್ಷಗಳ ಹೊಂದಾಣಿಕೆ. ಆದರೆ ನಮ್ಮ ಬೀದಿಯ ಇಸ್ತ್ರಿ ಅಂಗಡಿಯವರು ಹೇಳಿದ ಮಾತು ನನ್ನ ಮನಸ್ಸಿನಲ್ಲಿದೆ: "ಅವರ ಬಾಯಿಂದ ಕಿತ್ತು ನಮಗೆ ಕೊಟ್ಟರೆ, ನಾಳೆ ನಮ್ಮ ಬಾಯಿಂದ ಕಿತ್ತು ಇನ್ಯಾರಿಗೋ ಕೊಡುತ್ತಾರೆ."

ನಮ್ಮಂಥ ವಲಸಿಗರ ಸ್ಥಿತಿ ವಿಚಿತ್ರ. ಓಟು ಬಳ್ಳಾರಿಯಲ್ಲಿ, ಬದುಕು ಮಧುರವಾಡದಲ್ಲಿ. ಇಲ್ಲಿನ ನೀರು, ರಸ್ತೆ, ಕರೆಂಟು, ಬಾಡಿಗೆ ಎಲ್ಲವನ್ನೂ ಇಲ್ಲಿನ ರಾಜಕಾರಣ ತೀರ್ಮಾನಿಸುತ್ತದೆ, ಅದರಲ್ಲಿ ನಮ್ಮ ಬೆರಳಿಗೆ ಮಸಿಯಿಲ್ಲ. ನಮಗೆ ಆಸರೆಯಾಗಿ ಉಳಿಯುವುದು ಸರ್ಕಾರವಲ್ಲ, ಪ್ರಭುತ್ವವೇ. ಯಾರು ಗೆದ್ದರೂ ಬಾಡಿಗೆ ಕರಾರು ಕರಾರಾಗಿಯೇ ಇರುತ್ತದೆ, ಮಗುವಿನ ಜನನ ಪ್ರಮಾಣಪತ್ರ ಯಾವ ರಾಜ್ಯದಲ್ಲೂ ನಡೆಯುತ್ತದೆ ಎಂಬ ನಂಬಿಕೆಯ ಮೇಲೆಯೇ ನಾವು ಊರು ಬಿಟ್ಟು ಬಂದಿರುವುದು. ಓಟಿಲ್ಲದವನನ್ನೂ ಕಾಯಬಲ್ಲದ್ದು ಅದೊಂದೇ. ಆದ್ದರಿಂದ ಅದು ಹಾಳಾದರೆ ಮೊದಲು ಏಟು ಬೀಳುವುದೂ ನಮ್ಮಂಥವರಿಗೇ.

2025ರ ಮೇ 2ರಂದು ಅಮರಾವತಿಯ ಕೆಲಸಗಳಿಗೆ ಪ್ರಧಾನಿಯಿಂದಲೇ ಎರಡನೇ ಸಲ ಚಾಲನೆ ಸಿಕ್ಕಿತು. ವಿಶ್ವಬ್ಯಾಂಕ್, ಏಷ್ಯಾ ಅಭಿವೃದ್ಧಿ ಬ್ಯಾಂಕುಗಳು ಸಾಲ ಒಪ್ಪಿದ್ದವು. ಜಾಲಿ ಕಡಿದರು, ಕ್ರೇನುಗಳು ಬಂದವು. ಅತ್ತ ಋಷಿಕೊಂಡದ ಕಟ್ಟಡ ಈಗಿನವರಿಗೆ ಬೇಡದ ಕೂಸಿನ ಹಾಗಾಗಿತ್ತು. ಅದೂ ನಮ್ಮ ತೆರಿಗೆಯ ದುಡ್ಡು. ಅದನ್ನೂ ಒಡೆಯದೆ, ಖಾಲಿಯೂ ಬಿಡದೆ, ಜನರಿಗೆ ಉಪಯೋಗವಾಗುವಂತೆ ಮಾಡಿದರೆ ಆಗ ನಂಬುತ್ತೇನೆ, ಪಾಠ ಕಲಿತರೆಂದು.

ಆ ತಿಂಗಳು ಗೆಳೆಯನ ತಾಯಿ ಮಧುರವಾಡಕ್ಕೆ ಬಂದಿದ್ದರು. ಅಮರಾವತಿ ಮತ್ತೆ ಶುರುವಾಯಿತಲ್ಲ, ಸಂತೋಷವೇ ಅಮ್ಮಾ ಎಂದು ಕೇಳಿದೆ. ಸಂತೋಷವೇ ಬಾಬು ಎಂದರು. ಸ್ವಲ್ಪ ಹೊತ್ತು ಬಟಾಣಿ ಬಿಡಿಸುತ್ತಾ ಸುಮ್ಮನಿದ್ದು, "ಮುಂದಿನ ಓಟು 2029ಕ್ಕಲ್ಲವೇ? ಅಷ್ಟರೊಳಗೆ ನಮ್ಮ ಪ್ಲಾಟಿಗೆ ರಸ್ತೆ ಆಗುತ್ತದೆಯೇ?" ಎಂದು ಕೇಳಿದರು.